ಆಪ್ತಸಲಹೆ ಪ್ರಕರಣ: ನಲವತ್ತಾರಕ್ಕೆ ಅವಳಿ ಮಕ್ಕಳ ಬಾಣಂತನ

ಗುರುತು ಸಿಗದ ಹಾಗೆ ಬಡಾವಣೆ, ಉದ್ಯೋಗ, ಕೆಲವು ದಿನಾಂಕ ಬದಲಿಸಲಾಗಿದೆ. ಆಕೆಯನ್ನು ಟೀಚರ್ ಎನ್ನೋಣ, ಗಂಡನನ್ನು ಯಜಮಾನರು ಎನ್ನೋಣ. ಮಕ್ಕಳಿಗೆ ಆ ಮನೆಯಲ್ಲಿ ಇನ್ನೂ ಹೆಸರಿಟ್ಟಿರಲಿಲ್ಲ. ಮೊದಲು ಹುಟ್ಟಿದ್ದು ದೊಡ್ಡಪಾಪು, ಎರಡು ನಿಮಿಷ ತಡವಾಗಿ ಬಂದದ್ದು ಸಣ್ಣಪಾಪು.

ಟೀಚರ್‌ಗೆ 46, ಯಜಮಾನರಿಗೆ 53. ಮನೆ ದಾವಣಗೆರೆಯಲ್ಲಿ, ಎಪಿಎಂಸಿಯಲ್ಲಿ ಮೆಕ್ಕೆಜೋಳದ ದಲಾಲಿ ಅಂಗಡಿ. ಆಕೆ ಸರ್ಕಾರಿ ಪ್ರೌಢಶಾಲೆಯ ಶಿಕ್ಷಕಿ. ಮದುವೆಯಾಗಿ 19 ವರ್ಷದ ಮೇಲೆ ಐವಿಎಫ್‌ನಿಂದ (ಪ್ರನಾಳ ಶಿಶು ಚಿಕಿತ್ಸೆ) ಅವಳಿ ಹೆಣ್ಣುಮಕ್ಕಳು. ಆಗಸ್ಟ್ ನಡುವಿನಲ್ಲಿ, 35 ವಾರಕ್ಕೇ ಸಿಜೇರಿಯನ್. ತೂಕ 1.9 ಮತ್ತು 1.7 ಕಿಲೋ. ಸಣ್ಣಪಾಪು 12 ದಿನ ನವಜಾತ ಶಿಶುಗಳ ತೀವ್ರ ನಿಗಾ ಘಟಕದಲ್ಲಿತ್ತು (ಎನ್‌ಐಸಿಯು). ತವರಿನಲ್ಲಿ ಬಾಣಂತನ ಮಾಡುವ ತಾಯಿ ತೀರಿಕೊಂಡು ಆರು ವರ್ಷ. ಮನೆಯಲ್ಲಿರುವ ಹಿರಿಯರು ಅತ್ತೆ ಒಬ್ಬರೇ, ವಯಸ್ಸು 76, ಎರಡೂ ಮಂಡಿ ಸವೆದಿವೆ. ಇಪ್ಪತ್ತೈದರ ಬಾಣಂತಿಗೆ ಸಿಗುವ ಐವತ್ತರ ಅಮ್ಮ ಇಂಥ ಮನೆಗಳಲ್ಲಿ ಇರುವುದಿಲ್ಲ. ತಡವಾಗಿ ತಾಯ್ತಂದೆಯಾದವರ ಕಷ್ಟ ಅರ್ಧ ಶುರುವಾಗುವುದೇ ಇಲ್ಲಿಂದ.

ಅವರು ನಮ್ಮ ಸಲಹಾ ಕೋಣೆಗೆ ಬಂದದ್ದು ಮಕ್ಕಳಿಗೆ 11 ವಾರ ತುಂಬಿದಾಗ. "ಇವ್ಳು ಮಾತೇ ಬಿಟ್ಟಾಳ್ರೀ ಮೇಡಂ, ಕೂತ್ರೆ ಕೂತಲ್ಲೇ" ಎಂದರು ಯಜಮಾನರು. ಟೀಚರ್ ಹೇಳಿದ್ದೇ ಬೇರೆ. "ನಂಗೇನೂ ಆಗಿಲ್ಲ. ಸಣ್ಣಪಾಪುಗೆ ಏನೋ ದೋಷ ಇದೆ. ನನ್ನ ಮುಖ ನೋಡಿ ನಗೋದೇ ಇಲ್ಲ. ಪಕ್ಕದ ಮನೆ ಮಗು ಎರಡು ತಿಂಗಳಿಗೇ ನಕ್ಕಿತ್ತು."

ಇದಕ್ಕೆ ಉತ್ತರ ಲೆಕ್ಕದಲ್ಲಿದೆ. ಪೂರ್ಣಾವಧಿ 40 ವಾರ, ಇವು ಹುಟ್ಟಿದ್ದು 35ಕ್ಕೆ. ಹನ್ನೊಂದರಲ್ಲಿ ಐದು ಕಳೆದರೆ ಬೆಳವಣಿಗೆಯ ವಯಸ್ಸು 6 ವಾರ. ಮುಖ ನೋಡಿ ನಗು ಬರುವುದು ಸಾಮಾನ್ಯವಾಗಿ 6ರಿಂದ 8 ವಾರಕ್ಕೆ. ಅಂದರೆ ಮಗು ತಡವಾಗಿಲ್ಲ, ಈಗಷ್ಟೇ ಆ ಹೊಸ್ತಿಲಿಗೆ ಬಂದಿದೆ. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಎಲ್ಲವನ್ನೂ ಎರಡು ವರ್ಷದವರೆಗೆ ಹೀಗೆ ಕಳೆದೇ ನೋಡಬೇಕು. ಲಸಿಕೆಗೆ ಮಾತ್ರ ಕಳೆಯುವ ಹಾಗಿಲ್ಲ. ಅಲ್ಲಿ ಲೆಕ್ಕ ಹುಟ್ಟಿದ ದಿನದಿಂದಲೇ.

ಲಸಿಕೆಯ ಮಾತು ಬಂದಾಗ ಇಬ್ಬರೂ ಸುಮ್ಮನಾದರು. ಕಾರ್ಡಿನಲ್ಲಿ ಹುಟ್ಟಿದಾಗಿನವು ಬಿಟ್ಟರೆ 6ನೇ ವಾರದ್ದೂ ಇಲ್ಲ, 10ನೇ ವಾರದ್ದೂ ಇಲ್ಲ. "ಬಾಳ ಸಣ್ಣವು, ತಡೀಲಿ ಅಂತ" ಎಂದರು ಯಜಮಾನರು. ಸ್ವಲ್ಪ ಹೊತ್ತಾದ ಮೇಲೆ ಟೀಚರ್ ನಿಜ ಹೇಳಿದರು. 6ನೇ ವಾರಕ್ಕೆ ಹೋಗಿದ್ದರು. ಸಾಲಿನಲ್ಲಿ ನಿಂತಿದ್ದಾಗ "ಅಜ್ಜೀ, ಮಕ್ಕಳ ತಾಯಿ ಎಲ್ಲಿ, ಕರೀರಿ" ಎಂದು ಯಾರೋ ಕೂಗಿದರು. ತಿರುಗಿ ಆಟೋ ಹತ್ತಿ ಬಂದವರು ಮತ್ತೆ ಹೋಗಲಿಲ್ಲ.

ಎರಡು ಮಕ್ಕಳ ಎರಡೆರಡು ಸುತ್ತು ಲಸಿಕೆ ತಪ್ಪಿಸಿದ್ದು ಆ ಒಂದು 'ಅಜ್ಜೀ'. ಸಲಹಾ ಕೋಣೆಯಲ್ಲಿ ಇದಕ್ಕೆ ಸಮಾಧಾನ ಹೇಳಿ ಪ್ರಯೋಜನವಿಲ್ಲ, ಮುಂದಿನ ಸಾಲಿನಲ್ಲೂ ಇನ್ನೊಬ್ಬರು ಹಾಗೇ ಕೂಗುತ್ತಾರೆ. ಬದಲಿಗೆ ಒಂದು ಉತ್ತರ ಬಾಯಿಪಾಠ ಮಾಡಿಸಿದೆವು: "ತಾಯಿ ನಾನೇ. ಕಾರ್ಡ್ ತಗೊಳ್ಳಿ." ವಯಸ್ಸಿನ ವಿವರಣೆ ಬೇಡ, ಐವಿಎಫ್ ಕಥೆ ಬೇಡ, ಕ್ಷಮೆಯ ನಗುವೂ ಬೇಡ. ಗಂಡನನ್ನು ನರ್ಸ್ ಮಾಡಿ ನಾಲ್ಕು ಸಲ ಹೇಳಿಸಿದಾಗ ಐದನೆಯದು ಗಟ್ಟಿಯಾಗಿ ಬಂತು. ತಪ್ಪಿದ ಲಸಿಕೆಯನ್ನು ಆ ವಾರವೇ ಹಾಕಿಸಿ, ಮುಂದಿನದಕ್ಕೆ ಕನಿಷ್ಠ ನಾಲ್ಕು ವಾರದ ಅಂತರ ಇಡಬೇಕು. ಮೊದಲಿನಿಂದ ಶುರುಮಾಡುವ ಅಗತ್ಯವಿಲ್ಲ. ಎರಡು ಕಿಲೋಗಿಂತ ಕಡಿಮೆ ತೂಕದಲ್ಲಿ ಹುಟ್ಟಿದ ಮಕ್ಕಳಿಗೆ 30 ದಿನದೊಳಗೆ ಆಗಬೇಕಾದ ಕಣ್ಣಿನ ಅಕ್ಷಿಪಟಲ ಪರೀಕ್ಷೆ ಮಾತ್ರ, ಪುಣ್ಯಕ್ಕೆ, ಆಸ್ಪತ್ರೆಯಲ್ಲೇ ಆಗಿತ್ತು.

ಟೀಚರ್ ಒಂದು ಲಾಂಗ್ ನೋಟ್‌ಬುಕ್ ತಂದಿದ್ದರು. ಗೆರೆ ಎಳೆದು ಗಂಟೆ, ದೊ, ಸ, ಹಾಲು, ಒದ್ದೆ ಎಂದು ಹಾಜರಿ ಪುಸ್ತಕದಂಥ ಅಚ್ಚುಕಟ್ಟು. ಆದರೆ ನಡುರಾತ್ರಿಯ ಸಾಲುಗಳಿಗೆ ಬಂದರೆ ಅಕ್ಷರ ಗೆರೆ ಬಿಟ್ಟು ಇಳಿಯುತ್ತಿತ್ತು. ಒಂದು ದಿನ 3.10ಕ್ಕೆ 'ದೊ' ಕೆಳಗೆ 55 ಮಿ.ಲೀ., 3.40ಕ್ಕೆ ಮತ್ತೆ 'ದೊ' ಕೆಳಗೇ 50. 'ಸ' ಖಾಲಿ. ಒಂದೇ ಮಗುವಿಗೆ ಎರಡು ಸಲ ಕುಡಿಸಿ ಇನ್ನೊಂದನ್ನು ಬಿಟ್ಟಿದ್ದರು. ಮಂದ ಬೆಳಕು, ಒಂದೇ ಬಣ್ಣದ ಬಟ್ಟೆ, ಮೂರು ತಾಸಿನ ನಿದ್ದೆ. ತಾಯಿಗೇ ಮಕ್ಕಳ ಗುರುತು ತಪ್ಪಿತಲ್ಲ ಎಂದು ಆಕೆ ಅತ್ತರು. ನಮಗೆ ಕಂಡದ್ದು ನಿದ್ದೆಯ ಕೊರತೆ.

ಆ ಪುಸ್ತಕ ಮುಂದಿಟ್ಟುಕೊಂಡೇ ಲೆಕ್ಕ ಹಾಕಿದೆವು. ಒಂದು ಮಗುವಿಗೆ ದಿನಕ್ಕೆ 8 ಸಲ, ಎರಡಕ್ಕೆ 16. ಕುಡಿಸಿ, ತೇಗಿಸಿ, ಬಟ್ಟೆ ಬದಲಿಸಲು ಸಲಕ್ಕೆ 40 ನಿಮಿಷ. ಒಟ್ಟು 640 ನಿಮಿಷ, ಅಂದರೆ ಹತ್ತೂ ಮುಕ್ಕಾಲು ಗಂಟೆಗೆ ಐದೇ ನಿಮಿಷ ಕಮ್ಮಿ. ಬರೀ ಹಾಲಿಗೆ! ಮೆಕ್ಕೆಜೋಳದ ಚೀಲ ದಿನವಿಡೀ ಎಣಿಸುವ ಯಜಮಾನರು ಈ ಲೆಕ್ಕವನ್ನು ಒಮ್ಮೆಯೂ ಹಾಕಿರಲಿಲ್ಲ. ಒಂದು ಎದ್ದಾಗ ಇನ್ನೊಂದನ್ನೂ ಎಬ್ಬಿಸಿ ಒಟ್ಟಿಗೇ ಕುಡಿಸಿದರೆ ಸಲಕ್ಕೆ 50 ನಿಮಿಷ, 8 ಸಲಕ್ಕೆ 400 ನಿಮಿಷ. ನಾಲ್ಕು ಗಂಟೆ ಉಳಿಯಿತು. "ಮಲಗಿದ ಮಗೂನ ಎಬ್ಬಿಸಬಾರದು" ಎಂಬ ಮಾತನ್ನು ಅವಳಿಗಳ ಮನೆ ಪಾಲಿಸಿದರೆ ತಾಯಿ ಮಲಗುವ ಹಾಗೇ ಇಲ್ಲ.

ಗುರುತಿಗೆ ಕಾಲಿಗೆ ಕರಿದಾರ ಕಟ್ಟಿದ್ದರು. ಅದನ್ನು ಬಿಚ್ಚಿಸಿದೆವು. ಮಗು ತುಂಬಿಕೊಂಡಂತೆ ದಾರ ಬಿಗಿಯುತ್ತದೆ, ಸಡಿಲವಾದರೆ ಬೆರಳಿಗೆ ಸುತ್ತುತ್ತದೆ. ದೊಡ್ಡಪಾಪುವಿಗೆ ಯಾವಾಗಲೂ ಹಳದಿ ಅಂಗಿ, ಹಳದಿ ಮುಚ್ಚಳದ ಲೋಟ, ಸಣ್ಣಪಾಪುವಿಗೆ ಹಸಿರು. ಕುಡಿಸಿದ ಮೇಲೆ ಬರೆಯುವುದಲ್ಲ, ಎತ್ತಿಕೊಳ್ಳುವ ಮೊದಲೇ ಟಿಕ್ ಹಾಕುವುದು.

ಸಣ್ಣಪಾಪುವಿನ ತೂಕ ಮೂರು ವಾರದಲ್ಲಿ 280 ಗ್ರಾಂ ಮಾತ್ರ ಏರಿತ್ತು. ದಿನಕ್ಕೆ 20ರಿಂದ 30 ಗ್ರಾಂನಂತೆ 420 ಆದರೂ ಆಗಬೇಕಿತ್ತು. ಕಾರಣ ಅಡುಗೆಮನೆಯಲ್ಲಿ ಸಿಕ್ಕಿತು. ಎದೆಹಾಲಿನ ಜೊತೆಗೆ ಕೊಡುತ್ತಿದ್ದ ಪುಡಿಹಾಲಿನ ಡಬ್ಬಿಯ ಮೇಲೆ ಬರೆದಿರುವುದು 30 ಮಿ.ಲೀ. ನೀರಿಗೆ ಒಂದು ಚಮಚ ಪುಡಿ. ಅತ್ತೆ 60 ಮಿ.ಲೀ.ಗೆ ಒಂದು ಹಾಕುತ್ತಿದ್ದರು. "ಗಟ್ಟಿ ಹಾಲು ಅರಗಂಗಿಲ್ಲವ್ವಾ, ಎಳೇ ಹೊಟ್ಟಿ" ಎಂಬುದು ಅವರ ಕಾಳಜಿ. ಹಸುವಿನ ಹಾಲಿಗೆ ನೀರು ಬೆರೆಸಿ ಮಕ್ಕಳನ್ನು ಬೆಳೆಸಿದ ಕಾಲದವರು ಅವರು. ತಪ್ಪು ಎತ್ತಿ ಆಡದೆ ಡಬ್ಬಿಯನ್ನೇ ಓದಿಸಿದೆವು. ಆ ಪುಡಿಯನ್ನು ಅಷ್ಟು ನೀರಿಗೆ ಅಂತಲೇ ಮಾಡಿರುತ್ತಾರೆ. ನೀರು ಜಾಸ್ತಿಯಾದರೆ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಮೊದಲು ಅಳೆದ ನೀರು, ಆಮೇಲೆ ಪುಡಿ. ಚಮಚವನ್ನು ಒತ್ತಿ ತುಂಬದೆ, ಮೇಲೆ ಚಾಕುವಿನ ಬೆನ್ನಿನಿಂದ ಸವರಿ ಮಟ್ಟ ಮಾಡಬೇಕು. ಕುದಿಸಿದ ನೀರನ್ನು ಅರ್ಧ ಗಂಟೆಯೊಳಗೆ, ಇನ್ನೂ ಚೆನ್ನಾಗಿ ಬಿಸಿಯಿರುವಾಗಲೇ ಬಳಸಿ, ಬೆರೆಸಿದ ಮೇಲೆ ತಣ್ಣೀರಿನಲ್ಲಿ ಲೋಟ ಇಟ್ಟು ಆರಿಸಬೇಕು. ಬೆರೆಸಿದ್ದು ಎರಡು ಗಂಟೆ ದಾಟಿದರೆ ಚೆಲ್ಲಬೇಕು, ಮಗು ಬಾಯಿಟ್ಟು ಬಿಟ್ಟದ್ದನ್ನೂ ಚೆಲ್ಲಬೇಕು. ಈ ವಯಸ್ಸಿಗೆ ಕಿಲೋಗೆ ದಿನಕ್ಕೆ 150 ಮಿ.ಲೀ. ಎಂಬುದು ಸ್ಥೂಲ ಅಂದಾಜು. 3 ಕಿಲೋ ಇದ್ದ ಸಣ್ಣಪಾಪುವಿಗೆ 450, ಅಂದರೆ ಸಲಕ್ಕೆ 55ರಿಂದ 60. ಎದೆಹಾಲು ಕುಡಿದ ಮೇಲೆ ಎಷ್ಟು ಪುಡಿಹಾಲು ಎಂಬುದನ್ನು ಮಕ್ಕಳ ವೈದ್ಯರೇ ತೂಕ ನೋಡಿ ಹೇಳಲಿ ಎಂದು ಅಂದೇ ಕಳಿಸಿದೆವು.

ಅತ್ತೆಯ ಒಳಲೆ, ಅಂದರೆ ಹಾಲು ಕುಡಿಸುವ ಮೂತಿಯ ಬಟ್ಟಲು, ಮಾತ್ರ ಒಳ್ಳೆಯದೇ. ಬಾಟಲಿಗಿಂತ ತೊಳೆಯುವುದು ಸುಲಭ. ಆದರೆ ಕಾಲ ಮೇಲೆ ಅಂಗಾತ ಮಲಗಿಸಿ ಸುರಿಯುವುದು ಬೇಡ, ಹಾಲು ಉಸಿರಿನ ದಾರಿಗೆ ಹೋಗುತ್ತದೆ. ತಲೆ ಎತ್ತರಿಸಿ ಹಿಡಿದು, ಒಳಲೆಯ ಮೂತಿ ಕೆಳತುಟಿಗೆ ತಾಗಿಸಿ, ಮಗು ತಾನೇ ಹೀರುವ ಹಾಗೆ ಕೊಡಬೇಕು. ಪ್ರತಿ ಸಲವೂ ತೊಳೆದು 10 ನಿಮಿಷ ಕುದಿಸಬೇಕು. ಎಣ್ಣೆ ಹಚ್ಚಿ ನೀರು ಹಾಕುವುದು ಇರಲಿ, ಇಬ್ಬರಿಗೂ ಒಂದೇ ದಿನ ಬೇಡ. ಇವತ್ತು ಒಂದಕ್ಕೆ, ನಾಳೆ ಇನ್ನೊಂದಕ್ಕೆ. ಸ್ನಾನದ ನಂತರದ ಲೋಬಾನದ ಹೊಗೆ, ಮೂಗಿಗೆ ಎಣ್ಣೆ, ತೇಯ್ದ ಬಜೆ, ಜೇನುತುಪ್ಪ, ಕಣ್ಣಿಗೆ ಕಾಡಿಗೆ ಇವೆಲ್ಲ ಬಂದ್. ದೃಷ್ಟಿಬೊಟ್ಟು ಕೆನ್ನೆಗೆ ಇಟ್ಟುಕೊಳ್ಳಲಿ. ತಲೆ ಗುಂಡಗಾಗಲೆಂದು ಇಟ್ಟಿದ್ದ ಸಾಸಿವೆ ದಿಂಬನ್ನೂ ತೆಗೆಸಿದೆವು. ಎರಡನೇ ಸಲ ಬಂದಾಗ ಅತ್ತೆ ಲೋಬಾನ ಬಿಟ್ಟಿರಲಿಲ್ಲ, ದೇವರ ಕೋಣೆಗೆ ಸಾಗಿಸಿದ್ದರು. ಬಾಗಿಲು ಹಾಕಿಕೊಂಡರೆ ಅಷ್ಟು ಸಾಕು ಎಂದೆವು.

ಯಜಮಾನರು ರಾತ್ರಿ ನೆರವಾಗುತ್ತಿರಲಿಲ್ಲ ಎಂದಲ್ಲ. ಒಂದು ರಾತ್ರಿ ದೊಡ್ಡಪಾಪುವನ್ನು ಎದೆಯ ಮೇಲೆ ಹಾಕಿಕೊಂಡು ಸೋಫಾದಲ್ಲಿ ಒರಗಿದವರು ಹಾಗೇ ನಿದ್ದೆ ಹೋಗಿದ್ದರು. ಟೀಚರ್ ಎದ್ದು ಬಂದಾಗ ಮಗು ಜಾರಿ, ಅವರ ತೋಳು ಮತ್ತು ಸೋಫಾದ ಒರಗಿನ ನಡುವೆ ಮುಖ ಒಳಗಾಗಿ ಸಿಕ್ಕಿತ್ತು. ಏನೂ ಆಗಲಿಲ್ಲ. ಆದರೆ ಅಂದಿನಿಂದ ಆಕೆ ಗಂಡನ ಕೈಗೆ ರಾತ್ರಿ ಮಗು ಕೊಡುವುದನ್ನೇ ನಿಲ್ಲಿಸಿದ್ದರು. ಅವರೂ 'ಬೇಡ ಅಂದ್ರೆ ಬಿಡು' ಎಂದು ಅಂಗಡಿಯಲ್ಲಿ ಹೆಚ್ಚು ಹೊತ್ತು ಕಳೆಯತೊಡಗಿದ್ದರು. ಮೆಕ್ಕೆಜೋಳದ ಆವಕದ ದಿನಗಳು, ನೆಪ ಹುಡುಕುವ ಕೆಲಸವೂ ಇರಲಿಲ್ಲ.

ಮಗುವಿನ ಜೊತೆ ಸೋಫಾದಲ್ಲಿ ನಿದ್ದೆ ಹೋಗುವುದು ಬಹಳ ಅಪಾಯದ ಮಲಗುವ ರೀತಿ. ಆದ್ದರಿಂದ ಜಾಗ ಬದಲಿಸಿದೆವು, ಗಂಡನನ್ನಲ್ಲ. ಕುಡಿಸುವುದು ಕೈಯಿಲ್ಲದ ಗಟ್ಟಿ ಕುರ್ಚಿಯಲ್ಲಿ, ದೀಪ ಹಾಕಿಕೊಂಡು, ಮುಂದೆ ಚಾಪೆ. ತೂಕಡಿಕೆ ಬಂದರೆ ಮಗುವನ್ನು ಅದರ ಹಾಸಿಗೆಗೆ ಇಳಿಸುವುದು. ಎರಡಕ್ಕೂ ಬೇರೆ ಬೇರೆ ಹಾಸಿಗೆ, ಗಟ್ಟಿಯಾದದ್ದು, ಬೆನ್ನ ಮೇಲೆ ಮಲಗಿಸಿ, ದಿಂಬು ರಗ್ಗು ಇಲ್ಲದೆ.

ರಾತ್ರಿಯನ್ನು ಹೀಗೆ ಹಂಚಿದೆವು. 9ರಿಂದ 2ರವರೆಗೆ ಯಜಮಾನರ ಪಾಳಿ. ಆ ಐದು ತಾಸು ಟೀಚರ್ ಬೇರೆ ಕೋಣೆಯಲ್ಲಿ, ಬಾಗಿಲು ಹಾಕಿಕೊಂಡು. 2ರಿಂದ 7 ಆಕೆಯದು, ಅವರು ಮಲಗುತ್ತಾರೆ. ಹಾಲು ಕಟ್ಟಿಕೊಳ್ಳದಿರಲು 9ಕ್ಕೆ ಮೊದಲೊಮ್ಮೆ, 2ಕ್ಕೆ ಎದ್ದ ತಕ್ಷಣ ಒಮ್ಮೆ ಕುಡಿಸುವುದು ಇಲ್ಲವೇ ಹಿಂಡುವುದು. ತುಂಡು ತುಂಡಾಗಿ ಏಳು ತಾಸು ಮಲಗುವುದಕ್ಕಿಂತ ಒಂದೇ ಪಟ್ಟಿಗೆ ಐದು ತಾಸು ಮೇಲು. ಇಬ್ಬರೂ ಒಟ್ಟಿಗೆ ಎದ್ದು ಪ್ರೀತಿ ತೋರಿಸುವ ಪದ್ಧತಿಯಿಂದ ಯಾರಿಗೂ ಲಾಭವಿಲ್ಲ. ಯಜಮಾನರಿಗೆ ಸಕ್ಕರೆ ಕಾಯಿಲೆ ಇದೆ. ರಾತ್ರಿ ಮಾತ್ರೆ ನುಂಗಿ ಮಗು ಅತ್ತಿತೆಂದು ಊಟ ಬಿಟ್ಟದ್ದು ಎರಡು ಸಲ ಆಗಿತ್ತು. ಪಾಳಿಗೆ ಮೊದಲು, 8.30ಕ್ಕೆ ಊಟ ಎಂದು ನಿಗದಿಯಾಯಿತು. ಅತ್ತೆ ರಾತ್ರಿಯ ಲೆಕ್ಕದಲ್ಲಿಲ್ಲ, ಮಗು ಎತ್ತಿಕೊಂಡು ನಡೆಯುವಂತೆಯೂ ಇಲ್ಲ. ಬೆಳಿಗ್ಗೆ 11ರಿಂದ 1 ನೆಲದ ಮೇಲೆ ಕಾಲು ಚಾಚಿ ಕೂತು ಮಗು ಹಾಕಿಕೊಳ್ಳುವುದು ಅವರ ಕೆಲಸ. ಅಷ್ಟರಲ್ಲಿ ಬಟ್ಟೆ, ಪಾತ್ರೆ, ನೀರು ಹಾಕುವುದಕ್ಕೆ ಒಬ್ಬ ಹೆಣ್ಣುಮಗಳು.

ಈ ಕೊನೆಯದಕ್ಕೇ ಟೀಚರ್ ಒಪ್ಪಲಿಲ್ಲ. ದುಡ್ಡಿನ ಪ್ರಶ್ನೆ ಅಲ್ಲ. "ಹತ್ತೊಂಬತ್ತು ವರ್ಷ ದುಗ್ಗಮ್ಮನಿಗೆ ಹರಕೆ ಹೊತ್ತು ಪಡೆದಿದೀನಿ. ಈಗ ಆಗಲ್ಲ, ಸಾಕಾಯ್ತು ಅಂದ್ರೆ ಆ ತಾಯಿ ಏನಂದ್ಕೋತಾಳೆ? ಊರೋರು, ಈ ವಯಸ್ಸಲ್ಲಿ ಬೇಕಿತ್ತಾ ಅನ್ನೋದು ನಿಜ ಆಗಲ್ವಾ?"

ಈ ಪ್ರಕರಣದ ಗಂಟು ಇದೇ. ಬೇಡಿ ಪಡೆದವರಿಗೆ ಬೇಸರ ಪಡುವ ಹಕ್ಕಿಲ್ಲ ಎಂದು ಆಕೆ ತಾನೇ ತೀರ್ಪು ಕೊಟ್ಟುಕೊಂಡಿದ್ದರು. ಬೇಡಿದ್ದು ಮಕ್ಕಳನ್ನು, ನಿದ್ದೆಗೆಡುವುದನ್ನಲ್ಲ. ಇವೆರಡನ್ನು ಬೇರೆ ಮಾಡಲು ಮೂರು ಭೇಟಿ ಹಿಡಿದವು. ಮನೆಗೆಲಸ ಎಂದು ಕೊಟ್ಟದ್ದು ಚಿಕ್ಕದು. ದಿನಕ್ಕೊಮ್ಮೆ ಗಂಡನಿಗೆ, "ಇವತ್ತು ನಂಗೆ ಸಾಕಾಗಿದೆ" ಎನ್ನಬೇಕು. ಅವರು ಪರಿಹಾರ ಹೇಳುವ ಹಾಗಿಲ್ಲ, "ಹೌದು, ಸಾಕಾಗೋ ಹಾಗೇ ಇದೆ" ಎನ್ನಬೇಕು, ಅಷ್ಟೇ. ದಲಾಲಿ ಮಾಡುವವರಿಗೆ ಬಾಯಿ ಕಟ್ಟಿಕೊಳ್ಳುವುದು ಸುಲಭವಾಗಿರಲಿಲ್ಲ.

ಬಾಣಂತಿಯರ ಖಿನ್ನತೆ ಗುರುತಿಸುವ ಎಡಿನ್‌ಬರ್ಗ್ ಪ್ರಶ್ನಾವಳಿಯ 10 ಪ್ರಶ್ನೆಗಳಲ್ಲಿ ಆಕೆಯ ಅಂಕ 30ಕ್ಕೆ 14. 13 ಅಥವಾ ಹೆಚ್ಚು ಬಂದರೆ ಬಾಣಂತಿ ಖಿನ್ನತೆ ಇರಬಹುದೆಂದು ಮನೋವೈದ್ಯರಿಗೆ ತೋರಿಸಬೇಕು. ಹೆರಿಗೆಯಾದ ಮೊದಲೆರಡು ವಾರದ ಅಳು ಬೇರೆ, ಹನ್ನೊಂದನೇ ವಾರದ್ದು ಬೇರೆ. ತನಗೆ ತಾನು ಹಾನಿ ಮಾಡಿಕೊಳ್ಳುವ ಯೋಚನೆಯ ಬಗೆಗಿನ ಹತ್ತನೇ ಪ್ರಶ್ನೆಗೆ ಸೊನ್ನೆ ಬಂದಿತ್ತು. ಆದರೂ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ಸಂಖ್ಯೆಯನ್ನು ಯಜಮಾನರ ಫೋನಿನಲ್ಲೂ ಸೇರಿಸಿಸಿದೆವು. ಜೊತೆಗೆ ಬಿಪಿ, ಹಿಮೋಗ್ಲೋಬಿನ್, ಥೈರಾಯ್ಡ್; ಬಸಿರಿನಲ್ಲಿ ಸಕ್ಕರೆ ಇದ್ದುದರಿಂದ 75 ಗ್ರಾಂ ಗ್ಲೂಕೋಸ್ ಪರೀಕ್ಷೆ. ನಲವತ್ತಾರರಲ್ಲಿ ಬೆವರು, ನಿದ್ದೆಗೇಡು, ಸಿಡುಕು ಮುಟ್ಟು ನಿಲ್ಲುವ ಹೊತ್ತಿನದ್ದೂ ಇರಬಹುದು, ರಕ್ತಹೀನತೆಯದ್ದೂ ಇರಬಹುದು. ಎಲ್ಲವನ್ನೂ ಮನಸ್ಸಿನ ಖಾತೆಗೆ ಬರೆಯಬಾರದು. ಹಿಮೋಗ್ಲೋಬಿನ್ 9.2 ಬಂತು.

ಯಜಮಾನರ ಭಯ ಹೊರಬಿದ್ದದ್ದು ನಾಲ್ಕನೇ ಭೇಟಿಯಲ್ಲಿ. "ಇವಕ್ಕೆ ಹದಿನೆಂಟು ಆಗೋಹೊತ್ತಿಗೆ ನಂಗೆ ಎಪ್ಪತ್ತೊಂದು." ಅದಕ್ಕೆ ಧೈರ್ಯ ಹೇಳುವ ಬದಲು ಕಾಗದ ತೆಗೆಸಿದೆವು. ಇಬ್ಬರೂ ಬೇರೆ ಬೇರೆ ವಿಲ್ ಬರೆಯಬೇಕು, ಅದರಲ್ಲಿ ತಮ್ಮ ನಂತರ ಮಕ್ಕಳನ್ನು ನೋಡಿಕೊಳ್ಳುವ ಪೋಷಕರ ಹೆಸರಿರಬೇಕು. 1956ರ ಹಿಂದೂ ಅಪ್ರಾಪ್ತತೆ ಮತ್ತು ಪೋಷಕತ್ವ ಕಾಯ್ದೆಯಲ್ಲಿ ಇದಕ್ಕೆ ಅವಕಾಶವಿದೆ. ತಾಯಿ ಬದುಕಿರುವವರೆಗೆ ತಂದೆ ಸೂಚಿಸಿದ ಪೋಷಕರಿಗೆ ಅಧಿಕಾರ ಬರುವುದಿಲ್ಲ, ಆದ್ದರಿಂದ ಇಬ್ಬರ ವಿಲ್‌ನಲ್ಲೂ ಒಂದೇ ಹೆಸರಿದ್ದರೆ ಜಗಳವಿಲ್ಲ. ಅವರು ಮೊದಲು ಹೇಳಿದ್ದು 58 ವರ್ಷದ ಅಣ್ಣನನ್ನು. ಪೋಷಕರು ತಾಯ್ತಂದೆಗಿಂತ ಕಿರಿಯರಿರಬೇಕಲ್ಲವೇ ಎಂದಾಗ ಹರಿಹರದಲ್ಲಿರುವ 31ರ ಅಕ್ಕನ ಮಗಳ ಹೆಸರು ಬಂತು. ಆಕೆಯನ್ನು ಕೇಳಿ, ಒಪ್ಪಿಸಿ, ತಿಂಗಳಿಗೊಮ್ಮೆ ಮಕ್ಕಳ ಹತ್ತಿರ ಕರೆಸಬೇಕು. ಹೆಣ್ಣುಮಕ್ಕಳ ಉಳಿತಾಯಕ್ಕಿರುವ ಸುಕನ್ಯಾ ಸಮೃದ್ಧಿ ಖಾತೆಯನ್ನು ಇಬ್ಬರು ಮಕ್ಕಳ ಹೆಸರಿನಲ್ಲೂ ತೆರೆಯಬಹುದು. 15 ವರ್ಷ ಕಟ್ಟಬೇಕು, ಅಂದರೆ ಅವರಿಗೆ 68 ಆಗುವವರೆಗೆ. ಕಟ್ಟಲಾಗುವಷ್ಟನ್ನೇ ಒಪ್ಪಿಕೊಳ್ಳುವುದು ಮೇಲು. ಟೀಚರ್‌ಗೆ 180 ದಿನದ ಹೆರಿಗೆ ರಜೆ ಮುಗಿದ ಮೇಲೆ ಶಿಶುಪಾಲನಾ ರಜೆ ಇದೆ. ಅದನ್ನು ಒಂದೇ ಸಲ ಮುಗಿಸದೆ ಜ್ವರ, ಆಸ್ಪತ್ರೆಯ ದಿನಗಳಿಗೂ ಉಳಿಸಿಕೊಳ್ಳಲು ಹೇಳಿದೆವು.

ಆರು ವಾರದ ಮೇಲೆ, ಡಿಸೆಂಬರ್ ನಡುವಿನಲ್ಲಿ ಬಂದಾಗ ಆಕೆಯ ಅಂಕ 8 ಆಗಿತ್ತು. ಮನೋವೈದ್ಯರ ಔಷಧಿ ನಡೆಯುತ್ತಿದೆ, ಎದೆಹಾಲೂ ನಡೆಯುತ್ತಿದೆ. ಸಣ್ಣಪಾಪು 4.2 ಕಿಲೋ. ಪಾಳಿ ವಾರದಲ್ಲಿ ಐದು ದಿನ ಸರಿಯಾಗಿ ನಡೆದರೆ ಎರಡು ದಿನ ಕೆಡುತ್ತದೆ, ಲಾರಿ ಬರುವ ದಿನಗಳವು. ಆ ಎರಡು ರಾತ್ರಿಗೆ ಹರಿಹರದ ಹುಡುಗಿ ಬರುತ್ತಾಳೆ. ಮನೆಗೆಲಸದವಳನ್ನು ಟೀಚರ್ ಒಪ್ಪಿಕೊಂಡಿದ್ದಾರೆ, ಆದರೆ ಮಕ್ಕಳಿಗೆ ನೀರು ಹಾಕುವುದನ್ನು ಇನ್ನೂ ಬಿಟ್ಟುಕೊಟ್ಟಿಲ್ಲ. ಅದನ್ನು ಒತ್ತಾಯಿಸಲಿಲ್ಲ.

ಅತ್ತೆ ಅಂದು ಜೊತೆಗೆ ಬಂದಿದ್ದರು. ಅವರದು ಒಂದೇ ಪ್ರಶ್ನೆ, ರಾಗಿ ಸರಿ ಯಾವಾಗ. ಆರು ತಿಂಗಳು ತುಂಬಿ, ಕತ್ತು ಗಟ್ಟಿಯಾಗಿ ನಿಂತ ಮೇಲೆ, ಮಕ್ಕಳ ವೈದ್ಯರನ್ನು ಕೇಳಿ ಎಂದೆವು. ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು, ಬೀಸಿ, ಸೋಸಿ ಆಗಲೇ ಎರಡು ಡಬ್ಬಿ ತುಂಬಿಟ್ಟಿದ್ದಾರಂತೆ. ಫೆಬ್ರವರಿ ಹೊತ್ತಿಗೆ ಅದು ಮುಗ್ಗಲು ಬರುತ್ತದೆ, ಈಗಿನದನ್ನು ಬಾಣಂತಿಗೇ ಗಂಜಿ ಮಾಡಿ ಕೊಡಿ ಎಂದು ಹೇಳಿ ಕಳಿಸಿದೆವು.