ಬ್ರೇಕ್ ಹಿಡಿದರೆ ಗಾಡಿ ಬಂದ್

ಪ್ರಶ್ನೆ: ನನ್ನದು 2013ರ 100 ಸಿಸಿ ಕಾರ್ಬರೇಟರ್ ಗಾಡಿ. ಹೈವೇಯಲ್ಲಿ ಚೆನ್ನಾಗಿ ಓಡುತ್ತದೆ. ದಾವಣಗೆರೆ ಊರೊಳಗೆ ಬಂದು ಪಿ.ಬಿ. ರಸ್ತೆಯಲ್ಲಿ ಬ್ರೇಕ್ ಹಿಡಿದೆನೋ, ಬಂದ್ ಬೀಳುತ್ತದೆ. ಒಂದೇ ಕಿಕ್‌ಗೆ ಮತ್ತೆ ಸ್ಟಾರ್ಟ್ ಆಗುತ್ತದೆ. ಪ್ಲಗ್ ಬದಲಿಸಿದೆ, ಕಾರ್ಬರೇಟರ್ ಎರಡು ಸಲ ತೊಳೆಸಿದೆ. ಇನ್ನೇನು ನೋಡಬೇಕು?
— ಓದುಗರು, ಆನಗೋಡು

ಉತ್ತರ: ಮೂರನೇ ಸಲ ಕಾರ್ಬರೇಟರ್ ಬಿಚ್ಚಿಸುವ ಮುಂಚೆ ಸ್ವಲ್ಪ ತಡೆಯಿರಿ. ಬ್ರೇಕ್ ಹಿಡಿದಾಗ ನಾಲ್ಕು ಸಂಗತಿ ಒಟ್ಟಿಗೆ ನಡೆಯುತ್ತವೆ. ಆಕ್ಸಿಲರೇಟರ್ ಬಿಡುತ್ತೀರಿ, ಕ್ಲಚ್ ಹಿಡಿಯುತ್ತೀರಿ, ಬ್ರೇಕ್ ಲೈಟ್ ಹತ್ತುತ್ತದೆ, ಗಾಡಿಯ ಮೂತಿ ತಗ್ಗಿ ಕಾರ್ಬರೇಟರ್ ಬಟ್ಟಲಿನ ಪೆಟ್ರೋಲ್ ಮುಂದಕ್ಕೆ ನುಗ್ಗುತ್ತದೆ. ಇಂಜಿನ್ ನಿಲ್ಲಿಸುತ್ತಿರುವುದು ಇವುಗಳಲ್ಲಿ ಯಾವುದು ಎಂದು ಬೇರ್ಪಡಿಸದೆ ಸ್ಪ್ಯಾನರ್ ಹಿಡಿದರೆ ದುಡ್ಡು ದಂಡ.

ಹತ್ತು ನಿಮಿಷ ಓಡಿಸಿ ಇಂಜಿನ್ ಬಿಸಿ ಮಾಡಿ. ಇಂಜಿನ್ ಓಡುತ್ತಿರುವಾಗಲೇ ಗಾಡಿಯನ್ನು ನ್ಯೂಟ್ರಲ್‌ನಲ್ಲಿ ನಿಲ್ಲಿಸಿ ಎರಡೂ ಬ್ರೇಕ್ ಒತ್ತಿ. ಇಂಜಿನ್ ಅಲ್ಲೇ ಬಂದ್ ಬಿದ್ದರೆ ದೋಷ ಬ್ರೇಕ್ ಲೈಟಿನ ವೈರಿಂಗ್‌ನಲ್ಲಿದೆ. ಹಳೆಯ 100 ಸಿಸಿ ಗಾಡಿಗಳಲ್ಲಿ ಕಿಡಿಯ ಕರೆಂಟ್ ಹೆಚ್ಚಾಗಿ ಮ್ಯಾಗ್ನೆಟ್ ಕಾಯಿಲ್‌ನಿಂದಲೇ ಬರುವುದರಿಂದ ಇದು ಅಪರೂಪ. ಹಾಗೆಯೇ ಹ್ಯಾಂಡಲ್ ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ಕೀ ಗೊಂಚಲು ಅಲುಗಾಡಿಸಿ ನೋಡಿ. ಇಂಜಿನ್ ತಡವರಿಸಿದರೆ ಇಗ್ನಿಷನ್ ಸ್ವಿಚ್ ಕನೆಕ್ಟರ್ ಸಡಿಲ, ಇಲ್ಲವೇ ಹ್ಯಾಂಡಲ್ ಕುತ್ತಿಗೆಯ ಹತ್ತಿರ ವೈರ್ ಸವೆದಿದೆ.

ಎರಡನೆಯದು ಕ್ಲಚ್. ಇದನ್ನು ನೋಡುವವರೇ ಕಡಿಮೆ. ಗಾಡಿಯನ್ನು ಸೆಂಟರ್ ಸ್ಟ್ಯಾಂಡ್ ಮೇಲೆ ಹಾಕಿ, ಸ್ಟಾರ್ಟ್ ಮಾಡಿ, ಕ್ಲಚ್ ಪೂರ್ತಿ ಹಿಡಿದು ಒಂದನೇ ಗೇರ್ ಹಾಕಿ. ಹಿಂದಿನ ಚಕ್ರ ನಿಧಾನ ತಿರುಗಿದರೆ ಚಿಂತೆಯಿಲ್ಲ, ಆಯಿಲ್‌ನ ಅಂಟಿಗೆ ಅಷ್ಟು ಸಹಜ. ಈಗ ಹಿಂದಿನ ಬ್ರೇಕ್ ಮೆಲ್ಲಗೆ ಒತ್ತಿ. ಇಂಜಿನ್ ಸದ್ದು ಕುಸಿದರೆ ಅಥವಾ ನಿಂತರೆ ಕ್ಲಚ್ ಪೂರ್ತಿ ಬಿಡುತ್ತಿಲ್ಲ ಎಂದರ್ಥ. ಚಕ್ರವನ್ನು ತಡೆಯುವ ಬ್ರೇಕೇ ಇಂಜಿನ್ನನ್ನೂ ತಡೆಯುತ್ತಿದೆ. ಕೇಬಲ್ ಪ್ಲೇ (ಕ್ಲಚ್ ಹಿಡಿಯುವ ಮುಂಚಿನ ಸಡಿಲು) ಅಳೆಯಿರಿ: ಲಿವರ್ ತುದಿಯಲ್ಲಿ 10ರಿಂದ 20 ಮಿ.ಮೀ. ಇರಬೇಕು. ಅದಕ್ಕಿಂತ ಹೆಚ್ಚಿದ್ದರೆ ಅಡ್ಜಸ್ಟರ್ ಬಿಗಿ ಮಾಡಿ. ಆಗಲೂ ಇಂಜಿನ್ ಸದ್ದು ಕುಸಿದರೆ ಕ್ಲಚ್ ಪ್ಲೇಟ್ ಬಾಗಿದೆ, ಇಲ್ಲವೇ ಕ್ಲಚ್ ಹೌಸಿಂಗ್‌ನ ಹಲ್ಲುಗಳಲ್ಲಿ ತಗ್ಗು ಬಿದ್ದಿದೆ. ಅದು ಕವರ್ ಬಿಚ್ಚುವ ಕೆಲಸ.

ಮೂರನೆಯದು, ನಿಮ್ಮ ಗಾಡಿಯಲ್ಲಿ ನನಗೆ ಹೆಚ್ಚು ಅನುಮಾನ ಇರುವುದು ಇದರ ಮೇಲೆಯೇ. ಖಾಲಿ ರಸ್ತೆಯಲ್ಲಿ 40ರ ವೇಗದಲ್ಲಿ ಆಕ್ಸಿಲರೇಟರ್ ಬಿಟ್ಟು ಕ್ಲಚ್ ಹಿಡಿಯಿರಿ, ಬ್ರೇಕ್ ಮುಟ್ಟಬೇಡಿ. ಆಗಲೂ ಬಂದ್ ಬಿದ್ದರೆ ಬ್ರೇಕಿನದೇನೂ ತಪ್ಪಿಲ್ಲ, ಸ್ಲೋ (ಆಕ್ಸಿಲರೇಟರ್ ಬಿಟ್ಟಾಗಿನ ಇಂಜಿನ್ ಓಟ, ಅಂದರೆ ಐಡ್ಲಿಂಗ್) ಹಿಡಿದು ನಿಲ್ಲುತ್ತಿಲ್ಲ ಅಷ್ಟೆ. ಇಂಥ ಗಾಡಿಗಳ ಐಡ್ಲಿಂಗ್ ಸುಮಾರು 1,400 ಆರ್‌ಪಿಎಂ. ನೋಡಬೇಕಾದ್ದು ಇಷ್ಟು:

ಪೈಲಟ್ ಜೆಟ್: ಐಡ್ಲಿಂಗ್‌ನ ಪೆಟ್ರೋಲ್ ಬರುವುದು ಇದರ ಕೂದಲೆಳೆಯಂಥ ರಂಧ್ರದಿಂದ. ಕಾರ್ಬರೇಟರ್ ‘ತೊಳೆಯುವುದು’ ಅಂದರೆ ಬಟ್ಟಲು ಬಿಚ್ಚಿ ಪೆಟ್ರೋಲ್‌ನಲ್ಲಿ ಅದ್ದಿ ತೆಗೆಯುವುದು ಎಂದುಕೊಂಡವರೇ ಬಹಳ. ಜೆಟ್ ಕಳಚಿ, ಕ್ಲೀನರ್ ಸ್ಪ್ರೇ ಬಿಟ್ಟು, ಗಾಳಿ ಹಾಯಿಸಿ, ಬೆಳಕಿಗೆ ಹಿಡಿದರೆ ದುಂಡಗಿನ ಚುಕ್ಕೆ ಕಾಣಬೇಕು. ಸೂಜಿ, ಉಕ್ಕಿನ ತಂತಿ ತೂರಿಸಬೇಡಿ. ರಂಧ್ರ ಒಮ್ಮೆ ದೊಡ್ಡದಾದರೆ ಜೆಟ್ಟನ್ನೇ ಬದಲಿಸಬೇಕು.

ಮ್ಯಾನಿಫೋಲ್ಡ್: ಕಾರ್ಬರೇಟರ್ ಮತ್ತು ಇಂಜಿನ್ ನಡುವೆ ಗಾಳಿ ಎಳೆಯುತ್ತಿದ್ದರೆ ಸ್ಲೋ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಐಡ್ಲಿಂಗ್‌ನಲ್ಲಿ ಆ ಜೋಡಣೆಯ ಮೇಲೆ ಸೋಪಿನ ನೀರು ಚಿಮುಕಿಸಿ. ಸದ್ದು ಬದಲಾದರೆ ಓ-ರಿಂಗ್ ಅಥವಾ ಗ್ಯಾಸ್ಕೆಟ್ ಹೋಗಿದೆ. ಕೆಲವರು ಇಲ್ಲಿ ಪೆಟ್ರೋಲ್ ಎರಚುತ್ತಾರೆ, ಬಿಸಿ ಸೈಲೆನ್ಸರ್ ಪಕ್ಕದಲ್ಲಿ! ದಯವಿಟ್ಟು ಬೇಡ.

ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ತೋಳಿನ ನಡುವಿನ ಅಂತರ): ಟಕಟಕ ಸದ್ದು ಬರಬಾರದೆಂದು ತೀರಾ ಬಿಗಿ ಮಾಡಿಸಿದ ಗಾಡಿಗಳೇ ಹೀಗೆ ಬಿಸಿಯಾದ ಮೇಲೆ ಬಂದ್ ಬೀಳುತ್ತವೆ. ಇಂಜಿನ್ ಕಾದಾಗ ವಾಲ್ವ್ ಕಾಂಡ ಹಿಗ್ಗಿ, ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಷನ್ ಸೋರುತ್ತದೆ. ವೇಗದಲ್ಲಿ ಗೊತ್ತಾಗದು, ಸ್ಲೋದಲ್ಲಿ ಉಸಿರು ಕಟ್ಟುತ್ತದೆ. ರಾತ್ರಿಯಿಡೀ ತಣ್ಣಗಾದ ಇಂಜಿನ್‌ನಲ್ಲಿ, ಕಂಪ್ರೆಷನ್ ಸ್ಟ್ರೋಕ್‌ನ ‘ಟಿ’ ಗುರುತಿಗೆ (ಪಿಸ್ಟನ್ ಮೇಲ್ತುದಿಗೆ ಬಂದಿದೆ ಎನ್ನುವ ಗುರುತು) ತಂದು, ಫೀಲರ್ ಗೇಜ್ (ಅಂತರ ಅಳೆಯುವ ತೆಳು ಪಟ್ಟಿ) ಹಾಕಿ. ಅಂತರ ಮಾಡೆಲ್‌ಗೆ ತಕ್ಕಂತೆ 0.05ರಿಂದ 0.10 ಮಿ.ಮೀ. ಆಸುಪಾಸು. ನಿಮ್ಮ ಗಾಡಿಯ ಪುಸ್ತಕದ ಅಂಕಿಯೇ ಅಂತಿಮ.

ಇವೆಲ್ಲ ಆದ ಮೇಲೆ ಟ್ಯೂನಿಂಗ್. ಮಿಕ್ಸ್ಚರ್ ಸ್ಕ್ರೂ (ಪೆಟ್ರೋಲ್-ಗಾಳಿಯ ಪ್ರಮಾಣ ಹೊಂದಿಸುವುದು) ಹಗುರವಾಗಿ ಪೂರ್ತಿ ಒಳಗೆ ಕೂರಿಸಿ, ಎರಡು ಸುತ್ತು ಹೊರಗೆ ತನ್ನಿ. ಅಲ್ಲಿಂದ ಕಾಲು ಸುತ್ತಿನಂತೆ ಆಚೀಚೆ ತಿರುಗಿಸಿ ಸದ್ದು ಅತಿ ಹೆಚ್ಚು ಏರುವ ಜಾಗ ಹಿಡಿಯಿರಿ. ಕೊನೆಗೆ ಐಡಲ್ ಸ್ಕ್ರೂನಿಂದ ಸ್ಲೋ ಇಳಿಸಿ. ಐಡಲ್ ಸ್ಕ್ರೂ ಮಾತ್ರ ಏರಿಸಿ ಕಳಿಸುವ ರಿಪೇರಿ ವಾರವೂ ಬಾಳದು.

ಇನ್ನು, ಜೋರಾಗಿ ಬ್ರೇಕ್ ಒತ್ತಿ ಮೂತಿ ತಗ್ಗಿದಾಗ ಮಾತ್ರ ನಿಲ್ಲುತ್ತದೆ ಎಂದಾದರೆ ಫ್ಲೋಟ್ ಮಟ್ಟ (ಕಾರ್ಬರೇಟರ್ ಬಟ್ಟಲಿನಲ್ಲಿ ಪೆಟ್ರೋಲ್ ನಿಲ್ಲುವ ಎತ್ತರ) ನೋಡಿಸಿ. ಮಟ್ಟ ತಗ್ಗಿದ್ದರೆ ನುಗ್ಗುವ ಪೆಟ್ರೋಲ್ ಜೆಟ್ ಬಾಯಿಂದ ಸರಿದು ಗಾಳಿ ಸಿಗುತ್ತದೆ. ಹೆಚ್ಚಿದ್ದರೆ ಉಕ್ಕಿ ಇಂಜಿನ್ನಿಗೆ ಹೋಗುತ್ತದೆ. ಆಗ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯುತ್ತದೆ, ಆಕ್ಸಿಲರೇಟರ್ ಪೂರ್ತಿ ತಿರುಗಿಸಿ ಕಿಕ್ ಹೊಡೆದರಷ್ಟೇ ಹತ್ತುತ್ತದೆ. ಹೀಗೆ ಉಕ್ಕುವುದಕ್ಕೆ ಸಾಮಾನ್ಯ ಕಾರಣ ಸವೆದ ಫ್ಲೋಟ್ ಸೂಜಿ (ಬಟ್ಟಲು ತುಂಬಿದಾಗ ಪೆಟ್ರೋಲ್ ತಡೆಯುವುದು).

ಪ್ರಶ್ನೆ: ನನ್ನದು ಬಿಎಸ್6 ಇಂಜೆಕ್ಷನ್ ಬೈಕ್. ಹಂಪ್ ಬಂದಾಗ ಬ್ರೇಕ್ ಹಿಡಿದರೆ ಕೆಲವೊಮ್ಮೆ ತಟ್ಟನೆ ಆಫ್. ಇಂಜಿನ್ ಲೈಟ್ ಹತ್ತುವುದಿಲ್ಲ.
— ಓದುಗರು, ಚಿತ್ರದುರ್ಗ

ಉತ್ತರ: ‘ತಟ್ಟನೆ’ ಎಂದಿದ್ದೀರಿ, ಅದೇ ಸುಳಿವು. ಪೆಟ್ರೋಲ್ ಕೊರತೆಯಾದರೆ ಇಂಜಿನ್ ತಡವರಿಸಿ ಸಾಯುತ್ತದೆ, ಕರೆಂಟ್ ಕಡಿದರೆ ಕತ್ತರಿಸಿದಂತೆ ನಿಲ್ಲುತ್ತದೆ. ಸೈಡ್ ಸ್ಟ್ಯಾಂಡ್ ಇಳಿದರೆ ಇಂಜಿನ್ ಆಫ್ ಆಗುವ ಸ್ವಿಚ್ ನಿಮ್ಮ ಗಾಡಿಯಲ್ಲಿದ್ದರೆ ಮೊದಲು ಆ ಸ್ಟ್ಯಾಂಡಿನ ಸ್ಪ್ರಿಂಗ್ ನೋಡಿ. ಮಡಚಿದ ಸ್ಟ್ಯಾಂಡ್ ಹಿಂದಕ್ಕೆ ಮುಖ ಮಾಡಿರುತ್ತದೆ. ಸ್ಪ್ರಿಂಗ್ ಸಡಿಲವಾದರೆ ಬ್ರೇಕಿನ ರಭಸಕ್ಕೆ, ಹಂಪಿನ ಎತ್ತಿಹಾಕುವಿಕೆಗೆ ಅದು ಮುಂದಕ್ಕೆ ತುಸು ಜಾರಿ ಸ್ವಿಚ್ ಒತ್ತಿಬಿಡುತ್ತದೆ. ಪಿವಟ್ ಬೋಲ್ಟ್‌ನ ಕೆಸರು ತೆಗೆದು ಗ್ರೀಸ್ ಹಾಕಿ, ಸ್ಪ್ರಿಂಗ್ ಹೊಸದು ಹಾಕಿಸಿ. ನಂತರ ಬ್ಯಾಟರಿ ಟರ್ಮಿನಲ್ ಬೋಲ್ಟ್ ಸಡಿಲವೇ ನೋಡಿ. ಇಂಜೆಕ್ಷನ್ ಗಾಡಿಗೆ ಪಂಪ್, ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರ್), ಕಿಡಿ ಎಲ್ಲಕ್ಕೂ ಕರೆಂಟ್ ಬೇಕು. ನಿಂತ ಗಾಡಿಯಲ್ಲಿ ಬ್ಯಾಟರಿ 12.6 ವೋಲ್ಟ್ ಆಸುಪಾಸು ತೋರಿಸಬೇಕು, 12.2ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡಿಸಿ ಮತ್ತೆ ಅಳೆಯಿರಿ.

ತಡವರಿಸಿ ನಿಲ್ಲುವುದಾದರೆ ಥ್ರಾಟಲ್ ಬಾಡಿಯಲ್ಲಿ (ಇಂಜಿನ್ನಿಗೆ ಗಾಳಿ ಬಿಡುವ ಭಾಗ) ಕಾರ್ಬನ್ ಕಟ್ಟಿರುತ್ತದೆ. ಅದನ್ನು ತೊಳೆಸಿ, ಆದರೆ ಕಾರ್ಖಾನೆಯಲ್ಲಿ ಬಣ್ಣ ಬಳಿದು ಕೂರಿಸಿದ ಸ್ಟಾಪ್ ಸ್ಕ್ರೂ ಮುಟ್ಟಲು ಬಿಡಬೇಡಿ.

ಪ್ರಶ್ನೆ: ಮೆಕ್ಕೆಜೋಳದ ಒಕ್ಕಣೆ ಕಾಲದಲ್ಲಿ ಮಾತ್ರ ಗಾಡಿ ಸ್ಲೋದಲ್ಲಿ ನಿಲ್ಲುವುದಿಲ್ಲ. ಏಕೆ?
— ಓದುಗರು, ಜಗಳೂರು

ಉತ್ತರ: ಏರ್ ಫಿಲ್ಟರ್. ಜೋಳದ ಹೊಟ್ಟಿನ ಧೂಳು ತುಂಬಿದರೆ ಗಾಳಿ ಕಡಿಮೆಯಾಗಿ ಪೆಟ್ರೋಲ್ ಹೆಚ್ಚಾಗುತ್ತದೆ, ಪ್ಲಗ್ ಕಪ್ಪಗಾಗುತ್ತದೆ. ಎಣ್ಣೆ ಸವರಿದ ಕಾಗದದ ಫಿಲ್ಟರ್‌ಗೆ ಏರ್ ಹೊಡೆಸಬೇಡಿ, ಬದಲಿಸಿ. ಸ್ಪಂಜಿನದಾದರೆ ಸೋಪಿನ ನೀರಲ್ಲಿ ತೊಳೆದು, ಒಣಗಿಸಿ, ಇಂಜಿನ್ ಆಯಿಲ್ ಸವರಿ, ಹಿಂಡಿ ಹಾಕಿ. ಒಕ್ಕಣೆಯ ದಿನಗಳಲ್ಲಿ ಪುಸ್ತಕದಲ್ಲಿ ಹೇಳಿದ ಕಿಲೋಮೀಟರ್ ಕಾಯದೆ ವಾರಕ್ಕೊಮ್ಮೆ ಡಬ್ಬಿ ತೆರೆದು ನೋಡಿ.