ಅಂಚು ಯಾವುದೆಂಬುದು ಆಮೇಲೆ, ಮೊದಲು ಕೊನೆಯ ಕಡ್ಡಿಯ ಜಾಗ ನೋಡಿ

ರೋಮನ್ ಬ್ಲೈಂಡಿನ (ದಾರ ಎಳೆದರೆ ಮಡಿಕೆ ಮಡಿಕೆಯಾಗಿ ಮೇಲೇರುವ ಕಿಟಕಿ ಪರದೆ) ಕೆಳತುದಿಯನ್ನು ಕಮಾನಿನಂತೆ ಕತ್ತರಿಸಲೇ, ಅದಕ್ಕೆ ಲೇಸ್ ಹಚ್ಚಲೇ, ಹಳೆಯ ಸೀರೆಯ ಅಂಚು ಹಚ್ಚಲೇ ಎಂದು ಕೇಳಿದ್ದೀರಿ. ನಾಲ್ಕು ವರ್ಷದ ಹಿಂದೆ ನಾನೂ ಇದನ್ನೇ ವಾರಗಟ್ಟಲೆ ಯೋಚಿಸಿದ್ದೆ. ಯೋಚಿಸಬೇಕಾದದ್ದನ್ನು ಬಿಟ್ಟು ಇದನ್ನು ಯೋಚಿಸಿದ್ದೆ ಎಂದು ಈಗ ಅನ್ನಿಸುತ್ತದೆ.

ಬೆಂಗಳೂರಿನ ಮನೆಯ ಹಾಲ್‌ನಲ್ಲಿ ಪಶ್ಚಿಮಕ್ಕೆ ಒಂದು ಕಿಟಕಿ ಇದೆ. ಅದಕ್ಕೆ ರೋಮನ್ ಬ್ಲೈಂಡ್ ಹೊಲಿಯಬೇಕೆಂದುಕೊಂಡಾಗ ಹುಬ್ಬಳ್ಳಿಯಿಂದ ಅವ್ವ ತನ್ನ ಇಳಕಲ್ ಸೀರೆಯೊಂದನ್ನು ಕೊಟ್ಟಳು. ಒಡಲು ಅಲ್ಲಲ್ಲಿ ಪಿಸಿದಿತ್ತು, ಕೆಂಪು ದಡಿ ಮಾತ್ರ ಗಟ್ಟಿಯಾಗಿತ್ತು. ಇಳಕಲ್ ಸೀರೆಯ ಒಡಲಿನ ಹಾಸು (ಉದ್ದದ ಎಳೆಗಳು) ಹತ್ತಿಯದು, ದಡಿಯದು ರೇಷ್ಮೆ ಅಥವಾ ಕೃತಕ ರೇಷ್ಮೆ. ಅದಕ್ಕೇ ಎರಡೂ ಒಂದೇ ರೀತಿ ಹಳೆಯದಾಗುವುದಿಲ್ಲ. ನಾಲ್ಕು ಇಂಚು ಅಗಲದ ಆ ದಡಿಯನ್ನು ಬಿಡಿಸಿಕೊಂಡು, ಬಿಳಿ ಹತ್ತಿ ಬಟ್ಟೆಯ ತುದಿಗೆ ಸಣ್ಣ ಹೊಲಿಗೆಯಲ್ಲಿ ಎರಡು ಸಾಲು ಹಾಕಿ ಜೋಡಿಸಿದೆ. ಕೆಳಗೆ ಬಿಟ್ಟಾಗ ಬಹಳ ಚೆನ್ನಾಗಿ ಕಂಡಿತು. ದಾರ ಎಳೆದು ಮೇಲೆತ್ತಿದೆ. ದಡಿ ಮಾಯವಾಯಿತು.

ಏನಾಯಿತೆಂದು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಇಡೀ ಕೆಲಸದ ಕೀಲಿ ಇದೇ. ಬ್ಲೈಂಡಿನ ಹಿಂದೆ ಲೈನಿಂಗ್ ಬಟ್ಟೆಯಲ್ಲಿ ಅಡ್ಡಡ್ಡ ಕಡ್ಡಿಗಳಿರುತ್ತವೆ, ಅವಕ್ಕೆ ರಿಂಗ್, ರಿಂಗಿನೊಳಗೆ ದಾರ. ದಾರ ಎಳೆದಾಗ ಕೆಳಗಿನ ಕಡ್ಡಿ ಮೇಲಿನ ಕಡ್ಡಿಯ ಬಳಿಗೆ ಹೋಗುತ್ತದೆ, ನಡುವಿನ ಬಟ್ಟೆ ಮುಂದಕ್ಕೆ ಮಡಿಚಿ ಇಳಿಬೀಳುತ್ತದೆ. ಎರಡು ಕಡ್ಡಿಗಳ ನಡುವೆ ಹತ್ತು ಇಂಚು ಇದ್ದರೆ ಅದು ಹತ್ತು ಇಂಚಿನ ಮಡಿಕೆ, ಮಡಿಚಿದಾಗ ಅದರ ಅರ್ಧ, ಅಂದರೆ ಐದು ಇಂಚು, ಇಳಿಬೀಳುತ್ತದೆ. ಕೊನೆಯ ಕಡ್ಡಿಯ ಕೆಳಗೆ ಉಳಿಯುವ ಬಟ್ಟೆ (ನಾನು ಅದನ್ನು ಬಾಲ ಎನ್ನುತ್ತೇನೆ) ಈ ಎಲ್ಲ ಮಡಿಕೆಗಳ ಹಿಂದೆ ನೇತಾಡುತ್ತದೆ. ಅಂಚು ಸಾದಾ ಆಗಿದ್ದರೆ ಬಾಲ ಮಡಿಕೆಯ ಅರ್ಧದಷ್ಟಿರಬೇಕು, ಆಗ ಎಲ್ಲವೂ ಒಂದೇ ಮಟ್ಟಕ್ಕೆ ನಿಲ್ಲುತ್ತವೆ. ನಾನು ಓದಿಕೊಂಡಿದ್ದು ಸಾದಾ ಅಂಚಿನ ಲೆಕ್ಕ. ಅದರಂತೆ ಬಾಲ ಐದು ಇಂಚು ಇಟ್ಟೆ, ಅದರಲ್ಲಿ ನಾಲ್ಕು ಇಂಚು ದಡಿ. ಮುಂದಿನ ಮಡಿಕೆಗಳು ಅದನ್ನು ಪೂರ್ತಿ ಮುಚ್ಚಿಬಿಟ್ಟವು. ಮೂರು ಗಂಟೆಯವರೆಗೆ ಬ್ಲೈಂಡ್ ಮೇಲೆಯೇ ಇರುವ ಮನೆ ನಮ್ಮದು. ಬಂದವರು ಕಾಣುವುದು ಎತ್ತಿದ ಬ್ಲೈಂಡನ್ನೇ.

ಬಾಲ ಐದಲ್ಲ, ಐದಕ್ಕೆ ನಾಲ್ಕು ಸೇರಿ ಒಂಬತ್ತು ಇಂಚು ಇರಬೇಕಿತ್ತು. ಅರ್ಧ ಮಡಿಕೆಯ ಜೊತೆಗೆ ಅಂಚಿನ ಪೂರ್ತಿ ಅಗಲ. ಇಷ್ಟೇ.

ಸರಿಪಡಿಸಲು ಕಡ್ಡಿ ತೂರಿಸುವ ಬಟ್ಟೆಯ ಪಟ್ಟಿಗಳನ್ನೆಲ್ಲ ಬಿಚ್ಚಿ ಮೇಲಕ್ಕೆ ಸರಿಸಬೇಕಿತ್ತು. ನಾನು ಸುಲಭದ ದಾರಿ ಹಿಡಿದೆ: ದಡಿಯನ್ನು ಬಿಚ್ಚಿ, ನಡುವೆ ನಾಲ್ಕು ಇಂಚು ಬಿಳಿ ಬಟ್ಟೆ ಸೇರಿಸಿ ಮತ್ತೆ ಹಚ್ಚುವುದು. ಆ ಎರಡು ಸಾಲು ಸಣ್ಣ ಹೊಲಿಗೆ ಬಿಚ್ಚುವಾಗ ಎಡಮೂಲೆಯಲ್ಲಿ ದಡಿ ಎರಡು ಇಂಚು ಹರಿಯಿತು. ಅವ್ವ ಆ ಸೀರೆಯನ್ನು ನನ್ನ ನಾಮಕರಣದಲ್ಲಿ ಉಟ್ಟಿದ್ದಳು. ಅವಳು ಏನೂ ಅನ್ನಲಿಲ್ಲ. ನನಗೆ ಮಾತ್ರ ಇಂದಿಗೂ ಆ ಮೂಲೆಯತ್ತ ನೋಡಲಾಗುವುದಿಲ್ಲ.

ಈಗ ನಿಮ್ಮ ವಿಷಯ. ನಿಮ್ಮ ಕಿಟಕಿ 47 ಇಂಚು ಎತ್ತರ ಎಂದು ಬರೆದಿದ್ದೀರಿ. ನಾಲ್ಕು ಇಂಚಿನ ಅಂಚಾದರೆ ಒಂಬತ್ತು ಇಂಚಿನ ಮಡಿಕೆ ಇಡಿ: ಬಾಲ ಎಂಟೂವರೆ, ನಾಲ್ಕು ಕಡ್ಡಿಗಳ ನಡುವೆ ಒಟ್ಟು 27, ಮೇಲೆ ಹನ್ನೊಂದೂವರೆ. ಮೇಲಿನ ಭಾಗ ಮಡಿಕೆಗಿಂತ ಸ್ವಲ್ಪ ದೊಡ್ಡದಿರಲೇಬೇಕು, ಎತ್ತಿದಾಗ ರಿಂಗುಗಳೆಲ್ಲ ಒಂದರ ಮೇಲೊಂದು ಕೂರಲು ಜಾಗ ಬೇಕು. ಬಟ್ಟೆ ನೇರವಾಗಿ ಇಳಿಬೀಳಲು ಹಾಕುವ ತೂಕದ ಚಪ್ಪಟೆ ಪಟ್ಟಿಯನ್ನು ಅಂಚಿಗೆ ಸ್ವಲ್ಪ ಮೇಲೆಯೇ ತೂರಿಸಿ. ಅದಕ್ಕೆ ರಿಂಗ್ ಹಾಕಬೇಡಿ, ಹಾಕಿದರೆ ಬಾಲವೂ ಮೇಲೆ ಹೋಗುತ್ತದೆ.

ಕಮಾನು ಬೇಡವೇ ಬೇಡ. ತೂಕದ ಪಟ್ಟಿಯ ಕೆಳಗೆ ತೆಳು ಹತ್ತಿಯ ಕಮಾನುಗಳು ಕೆಲವೇ ದಿನಗಳಲ್ಲಿ ಮುದುರಿಕೊಳ್ಳುತ್ತವೆ, ಇಸ್ತ್ರಿ ಮಾಡಿ ಸಾಕಾಗುತ್ತದೆ. ಲೇಸಿನ ಬಗ್ಗೆ ನನಗೆ ಹೇಳಲು ಏನೂ ಇಲ್ಲ. ನೇಯ್ದ ಅಂಚು ಮನೆಯಲ್ಲಿದ್ದರೆ ಅದನ್ನೇ ಹಚ್ಚಿ, ಆದರೆ ಲೈನಿಂಗ್ ಅಂಚಿನ ಹಿಂದೆಯೂ ಇಳಿಯಲಿ, ಬಿಸಿಲು ಬರುವುದು ಹಿಂದಿನಿಂದ. ಬಟ್ಟೆ, ಲೈನಿಂಗ್, ಅಂಚು ಮೂರನ್ನೂ ಕತ್ತರಿಸುವ ಮೊದಲೇ ಬೇರೆ ಬೇರೆ ನೆನೆಸಿ ಒಣಗಿಸಿ. ಕೆಂಪು ದಡಿಯಾದರೆ ಒದ್ದೆ ಬಿಳಿ ಬಟ್ಟೆ ಒತ್ತಿ ಬಣ್ಣ ಬಿಡುತ್ತದೆಯೇ ನೋಡಿಕೊಳ್ಳಿ.

ಯಂತ್ರದ ಮುಂದೆ ಕೂರುವ ಮೊದಲು ಎಲ್ಲವನ್ನೂ ಪಿನ್ನಿನಿಂದ ಜೋಡಿಸಿ, ಗೋಡೆಗೆ ನೇತುಹಾಕಿ ಕೈಯಲ್ಲೇ ಮಡಿಚಿ ನೋಡಿ. ದಡಿಗೆ ಮೊದಲು ಕಚ್ಚಾ ಹೊಲಿಗೆ ಮಾತ್ರ ಹಾಕಿ, ಉದ್ದುದ್ದಕ್ಕೆ, ಕೈಯಲ್ಲಿ. ಮನೆಯಲ್ಲಿ ಸಣ್ಣ ಮಗು ಇದೆ ಎಂದಿದ್ದೀರಿ. ಜೋತುಬಿದ್ದ ದಾರ ಮಗುವಿನ ಕುತ್ತಿಗೆಗೆ ಸುತ್ತಿಕೊಳ್ಳಬಹುದು. ಆದ್ದರಿಂದ ದಾರ ಸುತ್ತುವ ಕೊಕ್ಕೆಯನ್ನು ನೆಲದಿಂದ ಐದು ಅಡಿ ಎತ್ತರದಲ್ಲಿ ಹೊಡೆಸಿ, ಪ್ರತಿ ಸಲ ಎತ್ತಿದ ಕೂಡಲೇ ಉಳಿದ ದಾರವನ್ನೆಲ್ಲ ಅದಕ್ಕೆ ಸುತ್ತಿಬಿಡಿ. ತೊಟ್ಟಿಲನ್ನು ಆ ಕಿಟಕಿಯ ಬಳಿ ಇಡಬೇಡಿ.