ಮಗಳು ತಾನಾಗಿಯೇ ಹಿಜಾಬ್ ಹಾಕಿದಾಗ

ಪ್ರಶ್ನೆ: ಆಪಾ, ನಮ್ಮದು ಸಿಂಧನೂರು. ನಾನು ಬ್ಯಾಂಕ್ ನೌಕರಳು. ಮದುವೆಯಾದ ಹೊಸತರಲ್ಲಿ ಬುರ್ಖಾ ಹಾಕಲೇಬೇಕು ಎಂದು ಅತ್ತೆ ಹಟ ಹಿಡಿದಿದ್ದರು. ಜಗಳ ಮಾಡಿ ಬುರ್ಖಾ ಬಿಟ್ಟೆ. ಈಗ ರಾಯಚೂರಿನಲ್ಲಿ ಬಿ.ಎಸ್ಸಿ. ಓದುವ ಮಗಳು ತಾನಾಗಿಯೇ ಹಿಜಾಬ್ ಶುರು ಮಾಡಿದ್ದಾಳೆ. ನಾದಿನಿಯರಿಗೆ ಖುಷಿಯೋ ಖುಷಿ. ಬ್ಯಾಂಕಿನಲ್ಲಿ ‘ಮಗಳಿಗೆ ಯಾಕ್ರೀ ಹಿಂಗ್ ಮಾಡಿದ್ರಿ’ ಅಂತ ಕೇಳುತ್ತಾರೆ. ನಾನು ಪಟ್ಟ ಪಾಡೆಲ್ಲ ನೀರುಪಾಲಾಯಿತೇ? ಅವಳಿಂದ ಬಿಡಿಸಲೇ?
– ಹೆಸರು ಬೇಡ

ಉತ್ತರ: ಬಿಡಿಸಬೇಡಿ ತಂಗೀ. ನಿಮ್ಮ ಮೈಮೇಲೆ ಏನಿರಬೇಕು ಅಂತ ಬೇರೆಯವರು ಹೇಳಬಾರದು ಎಂದೇ ಅಲ್ವಾ ನೀವು ಜಗಳವಾಡಿದ್ದು? ಅದರ ಫಲ ಮಗಳಿಗೂ ಸೇರಬೇಕು. ಇವತ್ತು ನೀವೇ ಅವಳ ಪಿನ್ನು ಬಿಚ್ಚಿಸಲು ಹೋದರೆ ಅತ್ತೆಯ ಜಾಗದಲ್ಲಿ ನೀವು ನಿಂತಂತೆ. ಇರಾನಿನಲ್ಲಿ 1936ರಲ್ಲಿ ದೊರೆ ರೆಜಾ ಶಾ ಹೆಂಗಸರ ಚಾದರಕ್ಕೆ ನಿಷೇಧ ಹಾಕಿದ, ಪೊಲೀಸರು ಬೀದಿಯಲ್ಲೇ ಎಳೆದು ತೆಗೆದರು. 1983ರಲ್ಲಿ ಅದೇ ದೇಶದಲ್ಲಿ ತಲೆ ಮುಚ್ಚದಿದ್ದರೆ ಶಿಕ್ಷೆ ಎಂಬ ಕಾನೂನು ಬಂತು. ಎರಡು ಸಲವೂ ಹೆಂಗಸರನ್ನು ಯಾರೂ ಕೇಳಲಿಲ್ಲ.

ನೀವು ಕೇಳಿ. ರಾತ್ರಿ ಊಟವಾದ ಮೇಲೆ, ನಾದಿನಿಯರು ಇಲ್ಲದಾಗ. ಯಾಕೆ ಹಾಕಿದೆ ಅನ್ನಬೇಡಿ, ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿರುತ್ತದೆ. ‘ನಾಳೆ ತೆಗೀಬೇಕು ಅನಿಸಿದರೆ ಯಾರಿಗಾದರೂ ಹೆದರ್ತೀಯಾ?’ ಅಂತ ಕೇಳಿ. ಅವಳು ಒಂದು ಹೆಸರು ಹೇಳಿದರೂ ಸಾಕು, ಅವರ ಜೊತೆ ಮಾತಾಡುವುದು ನಿಮ್ಮ ಕೆಲಸ. ನಾದಿನಿಯರಿಗೂ ಹೇಳಿ, ಅಷ್ಟು ಹೊಗಳಬೇಡಿ ಅಂತ. ಹಾಕಿದ್ದಕ್ಕೆ ಹೊಗಳಿಸಿಕೊಂಡ ಹುಡುಗಿ ತೆಗೆಯಲು ಅಂಜುತ್ತಾಳೆ.

ಇನ್ನು ಬ್ಯಾಂಕಿನವರು. ನಾನು ಹೈಸ್ಕೂಲಿನಲ್ಲಿ ತಲೆ ಮೇಲೆ ಸೆರಗು ಹೊದ್ದೇ ಕನ್ನಡ ಪಾಠ ಮಾಡಿದವಳು. ನಮ್ಮ ಸ್ಟಾಫ್ ರೂಮಿನ ಲಿಂಗಾಯತ ಟೀಚರೂ ಗಂಡನ ಊರಿಗೆ ಹೋದರೆ ಸೆರಗು ಹೊದ್ದುಕೊಳ್ಳುತ್ತಿದ್ದರು. ‘ಯಾಕ್ರೀ’ ಅಂತ ಅವರನ್ನು ಯಾರೂ ಕೇಳಲಿಲ್ಲ. ‘ಮಗಳನ್ನೇ ಕೇಳಿ, ಅವಳಿಗೆ ಬಾಯಿದೆ’ ಅನ್ನಿ.

ಏನೇ ಆದರೂ ಓದು ನಿಲ್ಲಬಾರದು. ತರಗತಿಯಲ್ಲಿ ಹಿಜಾಬಿಗೆ ಅಡ್ಡಿಯಾದ ರಾಜ್ಯ ಸರ್ಕಾರದ 2022ರ ಫೆಬ್ರುವರಿ 5ರ ಸಮವಸ್ತ್ರದ ಆದೇಶ, ಅದನ್ನು ಎತ್ತಿಹಿಡಿದ ಮಾರ್ಚ್ 15ರ ಹೈಕೋರ್ಟ್ ತೀರ್ಪು, ಇವುಗಳ ನಡುವೆ ಎಷ್ಟೋ ಹುಡುಗಿಯರು ಪರೀಕ್ಷೆ ಬಿಟ್ಟು ಮನೆ ಸೇರಿದರು. ಅದನ್ನು ನೆನೆದರೆ ನನಗೆ ಇವತ್ತಿಗೂ ಸಂಕಟ. ಅದೇ ವರ್ಷದ ಅಕ್ಟೋಬರ್ 13ರಂದು ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಕೊಟ್ಟರು. ಹೇಮಂತ್ ಗುಪ್ತಾ ಹೈಕೋರ್ಟ್ ತೀರ್ಪನ್ನು ಒಪ್ಪಿದರು. ಸುಧಾಂಶು ಧುಲಿಯಾ ಮಾತ್ರ ಇದು ಆಯ್ಕೆಯ ವಿಷಯ, ಹೆಣ್ಣುಮಕ್ಕಳ ಓದೇ ದೊಡ್ಡದು ಎಂದರು. ನನ್ನ ಮನಸ್ಸು ಧುಲಿಯಾ ಅವರ ಕಡೆಗೆ. ಮಗಳ ಕಾಲೇಜಿನ ನಿಯಮ ಏನು ಅಂತ ಪ್ರಿನ್ಸಿಪಾಲರನ್ನು ಈಗಲೇ ಕೇಳಿಟ್ಟುಕೊಳ್ಳಿ. ಪರೀಕ್ಷೆಯ ದಿನ ಅವಳು ಗೇಟಿನಲ್ಲಿ ನಿಂತು ಅಳುವಂತಾಗಬಾರದು.

ರಾಯಚೂರಿನ ಬಿಸಿಲಿಗೆ ಜಾರ್ಜೆಟ್ ಆಗಿಬರುವುದಿಲ್ಲ. ತೆಳು ಹತ್ತಿಯದನ್ನು ನೀವೇ ಕೊಡಿಸಿ. ಕೆಮಿಸ್ಟ್ರಿ ಲ್ಯಾಬಿನಲ್ಲಿ ಬರ್ನರ್ ಉರಿಯುತ್ತಿರುತ್ತದೆ, ತುದಿಗಳನ್ನು ಏಪ್ರನ್ ಒಳಗೆ ಸೇರಿಸಿಕೊಳ್ಳಲು ಹೇಳಿ.

ಪ್ರಶ್ನೆ: ತಂಗಿ ಬುರ್ಖಾ ಬೇಡ ಅಂತಾಳೆ. ಓಣಿಯ ಹುಡುಗರು ಚುಡಾಯಿಸುತ್ತಾರೆ. ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ. ಒಪ್ಪಿಸುವುದು ಹೇಗೆ?
– ಓದುಗ, ಗಂಗಾವತಿ

ಉತ್ತರ: ಒಪ್ಪಿಸಬೇಡಪ್ಪಾ. ಕುರಾನಿನ 24ನೇ ಅಧ್ಯಾಯದಲ್ಲಿ ಹೆಂಗಸರು ಮೈ ಮುಚ್ಚಿಕೊಳ್ಳುವ ಮಾತು ಇರುವುದು 31ನೇ ವಚನದಲ್ಲಿ. ಅದಕ್ಕೂ ಮೊದಲು, 30ನೇ ವಚನದಲ್ಲಿ, ಗಂಡಸರು ಕಣ್ಣು ತಗ್ಗಿಸಬೇಕು ಎಂದಿದೆ. ಚುಡಾಯಿಸುವ ಹುಡುಗರು ನಿನ್ನ ಓಣಿಯವರೇ, ಅವರ ಅಪ್ಪಂದಿರೂ ನಿನಗೆ ಗೊತ್ತು. ಮೊದಲು ಅಲ್ಲಿಗೆ ಹೋಗಿ ಮಾತಾಡು. ನಿಲ್ಲದಿದ್ದರೆ 112ಕ್ಕೆ ಫೋನ್ ಮಾಡು. ಅದಕ್ಕೂ ಮುಂಚೆ ತಂಗಿಯನ್ನು ಒಂದು ಮಾತು ಕೇಳು, ದೂರು ಕೊಡೋಣವಾ ಅಂತ.